ಹಸಿ ಕಟ್ಟು ಒಣಗುವ ಹೊತ್ತು

ಬಕೆಟ್ಟಿನ ನೀರಿನಲ್ಲಿ ಗುಳ್ಳೆಗಳು ಏಳುತ್ತಿವೆ, ಮೊದಲು ದೊಡ್ಡವು, ಆಮೇಲೆ ಸಾಸಿವೆಯಂಥವು, ಆಮೇಲೆ ಇವೆಯೋ ಇಲ್ಲವೋ ಎನ್ನುವಷ್ಟು ಸಣ್ಣವು — ಗುಳ್ಳೆ ಪೂರ್ತಿ ನಿಂತ ಮೇಲೆಯೇ ಪ್ಲಾಸ್ಟರ್ ಸುರುಳಿಯನ್ನು ಎತ್ತಬೇಕು, ಅವಸರಪಟ್ಟರೆ ಒಳಗಿನ ಪದರ ಒಣಗಿಯೇ ಉಳಿದು ಕಟ್ಟು ಪೊಳ್ಳಾಗುತ್ತದೆ ಎಂದು ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆಲ್ಲ ಹೇಳಿಕೊಟ್ಟವಳು ಅವಳೇ, ಆದರೆ ಇವತ್ತು ಆ ಸಾಸಿವೆ ಗುಳ್ಳೆಗಳು ಮುಗಿಯುವುದನ್ನು ಕಾಯಲು ಅವಳ ಕೈಗೇ ತಾಳ್ಮೆಯಿಲ್ಲ, ಏಕೆಂದರೆ ಮೇಜಿನ ಮೇಲೆ ಕಾಲು ಇಳಿಬಿಟ್ಟು, ಎಡಗೈಯನ್ನು ಬೇರೆ ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಇರಿಸಿಕೊಂಡು ಕುಳಿತಿರುವ ರೋಗಿ ಅವಳ ಸ್ವಂತ ಮೊಮ್ಮಗಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಟ್ಟಿನಕ್ಕ ಎನ್ನುತ್ತಾರೆ, ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಕಟ್ಟುವುದೇ ಅವಳ ಉದ್ಯೋಗ, ಡಾಕ್ಟರು ಎಲುಬನ್ನು ಕೂಡಿಸುತ್ತಾರೆ, ಅವಳು ಅದನ್ನು ಕೂಡಿದಲ್ಲೇ ಇರಿಸುತ್ತಾಳೆ, ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂದು ಅವಳನ್ನು ಯಾರೂ ಕೇಳಿಲ್ಲ, ಕೇಳಿದ್ದರೆ ಮುಲಾಜಿಲ್ಲದೆ ಹೇಳುತ್ತಿದ್ದಳು. ಸಣ್ಣ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಗಾಬರಿ ಬೇಡ ಅಕ್ಕಾ, ಹಸಿ ಕಡ್ಡಿ ಬಗ್ಗಿಸಿದ್ರೆ ಒಂದು ಪಕ್ಕ ಸೀಳುತ್ತಲ್ಲ, ಹಾಗೆ, ಎಳೇ ಎಲುಬು, ನೀವೇ ಕಟ್ಟಿಬಿಡಿ ಎಂದು ಹೇಳಿ ಹೋಗಿದ್ದಾರೆ; ಹಸಿ ಕಡ್ಡಿ, ಹೌದು, ಒಣಗಿದ್ದು ಎರಡಾಗುತ್ತದೆ, ಹಸಿಯದು ಬಗ್ಗುತ್ತದೆ, ಇದನ್ನು ಅವಳು ಎಷ್ಟೋ ತಾಯಂದಿರಿಗೆ ಹೇಳಿ ಧೈರ್ಯ ತುಂಬಿದ್ದಾಳೆ, ಈಗ ಅದೇ ಧೈರ್ಯ ತನ್ನ ಪಾಲಿಗೆ ಒಂದು ಚಮಚವೂ ಉಳಿದಿಲ್ಲವಲ್ಲ. ಅಜ್ಜಿ, ಸಿಮೆಂಟ್ ಹಾಕ್ತೀಯಾ, ಎನ್ನುತ್ತಾಳೆ ಮೊಮ್ಮಗಳು. ಸಿಮೆಂಟ್ ಅಲ್ವೇ, ನೀನೇನು ಸೇತುವೇನಾ, ಇದು ಪ್ಲಾಸ್ಟರು. ಹಾಗಾದ್ರೆ ಇದರ ಮೇಲೆ ಚಿತ್ರ ಬರೀಬಹುದಾ. ಬರೆಯುವೆಯಂತೆ, ಮೊದಲು ಅಲ್ಲಾಡದೆ ಕೂತ್ಕೋ ಮಿಡತೆ — ಮಿಡತೆ ಎಂದು ಹೆಸರಿಟ್ಟವಳೂ ಅಜ್ಜಿಯೇ, ನೆಲದ ಮೇಲೆ ಒಂದು ಗಳಿಗೆ ನಿಂತರೆ ನೆಲ ಸುಡುತ್ತದೆಯೇನೋ ಎಂಬಂತೆ ನೆಗೆಯುವ ಕೂಸಿಗೆ ಬೇರೆ ಹೆಸರು ಒಪ್ಪುವುದಾದರೂ ಹೇಗೆ.

ಸುರುಳಿಯನ್ನು ಎತ್ತಿ ಎರಡೂ ತುದಿ ಹಿಡಿದು ನಡುವಿಗೆ ಹಿಂಡುತ್ತಾಳೆ, ಹಾಲಿನಂಥ ನೀರು ಅವಳ ಮೊಣಕೈವರೆಗೆ ಇಳಿಯುತ್ತದೆ, ಹತ್ತಿ ಸುತ್ತಿದ ಪುಟ್ಟ ಕೈಯ ಮೇಲೆ ಮೊದಲ ಸುತ್ತು, ಎರಡನೆಯದು ಅದರ ಅರ್ಧವನ್ನು ಮುಚ್ಚುವಂತೆ, ಎಳೆಯಬಾರದು, ಉರುಳಿಸಬೇಕು, ಮತ್ತು ಉರುಳಿಸುತ್ತಿರುವಾಗ ಕಣ್ಣು ತಾನೇ ತಾನಾಗಿ ಗೋಡೆಯ ಕಡೆ ಹೋಗುತ್ತದೆ, ಅಲ್ಲಿ ಕತ್ತರಿ ತೂಗುಹಾಕುವ ಮೊಳೆಯಲ್ಲಿ ಗುಲಾಬಿ ಬಣ್ಣದ ಗಡಿಯಾರ ತೂಗುತ್ತಿದೆ. ಗಡಿಯಾರವೆಂದರೆ ಹೊತ್ತು ತೋರಿಸುವುದಷ್ಟೇ ಅಲ್ಲ. ಮಗು ಎಲ್ಲಿದೆ ಎಂಬುದನ್ನು ತಾಯಿಯ ಫೋನಿಗೆ ಒಂದು ಹಸಿರು ಚುಕ್ಕಿಯಾಗಿ ಒಪ್ಪಿಸುವ ಗಡಿಯಾರ, ಆಸ್ಪತ್ರೆಯ ಸುತ್ತ ತಾಯಿ ಎಳೆದಿಟ್ಟ ಗೆರೆಯನ್ನು ಮಗು ದಾಟಿದರೆ ಊರೆಲ್ಲ ಕೇಳುವಂತೆ ಕಿರುಚುವ ಗಡಿಯಾರ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದರೊಳಗಿಂದಲೇ ತಾಯಿಯ ದನಿ ಹೊರಟು ಏನ್ ಮಾಡ್ತಿದ್ದೀಯಾ ಕಂದಾ ಎಂದು ಕೇಳುವ ಗಡಿಯಾರ. ಅದನ್ನು ಮೊಮ್ಮಗಳ ಕೈಯಿಂದ ಬಿಚ್ಚಿ ಮೊಳೆಗೆ ಹಾಕಿದವಳು ಕಟ್ಟಿನಕ್ಕನೇ. ರಜೆ ಶುರುವಾದ ವಾರದಿಂದ ದಿನವೂ ಹಾಕುತ್ತಿದ್ದಾಳೆ, ಸಂಜೆ ಮಗಳು ಬರುವ ಮುನ್ನ ತೆಗೆದು ಮತ್ತೆ ಕೈಗೆ ಕಟ್ಟುತ್ತಿದ್ದಾಳೆ. ಸ್ವಲ್ಪ ಹೊತ್ತಿನ ಹಿಂದೆ ಮಗಳಿಗೆ ಫೋನು ಮಾಡಿ, ಮಗು ಬಿದ್ದಿದೆ, ಕೈಗೆ ಸ್ವಲ್ಪ ಪೆಟ್ಟಾಗಿದೆ, ನೀನು ನಿಧಾನವಾಗಿ ಬಾ ಎಂದಾಗ ಮಗಳು ಅಳಲಿಲ್ಲ, ಕೂಗಲಿಲ್ಲ, ಬೆರಗಾದಳು — ಬಿದ್ದದ್ದು ಹೇಗಮ್ಮಾ, ಅವಳು ನಿನ್ನ ಕೋಣೇಲೇ ಇದ್ದಾಳಲ್ಲ, ಬೆಳಿಗ್ಗೆಯಿಂದ ಅಲ್ಲಾಡೇ ಇಲ್ಲ, ನಾನು ನೋಡ್ತಾನೇ ಇದ್ದೀನಿ. ನೋಡ್ತಾನೇ ಇದ್ದೀನಿ. ಕಟ್ಟಿನಕ್ಕ ಆಗ, ಬಾ, ಬಂದ ಮೇಲೆ ಹೇಳ್ತೀನಿ ಎಂದಷ್ಟೇ ಹೇಳಿ ಫೋನು ಇಟ್ಟು ಬಕೆಟ್ಟಿಗೆ ನೀರು ತುಂಬಿಸಿದಳು.

ಮೊದಲ ದಿನ ಹೀಗಿರಲಿಲ್ಲ. ಮೊದಲ ದಿನ ಮಗು ಇದೇ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೈಗೆ ಗಡಿಯಾರ ಕಟ್ಟಿಕೊಂಡು, ಪಿಂಚಣಿಗೆ ಕಾದು ಕುಳಿತ ಮುದುಕಿಯ ಹಾಗೆ ಕೂತಿತ್ತು, ಅಜ್ಜಿ ಆ ಬಾಗಿಲ ತನಕ ಹೋಗಲಾ ಎಂದು ಕೇಳಿತ್ತು, ಬಾಗಿಲ ತನಕ! ಜೈಲಿನಲ್ಲಿ ಇರುವವನಿಗೂ ದಿನಕ್ಕೊಮ್ಮೆ ಅಂಗಳ ತೋರಿಸುತ್ತಾರಲ್ಲ, ಯಾವ ತಪ್ಪಿಗೆ ಈ ಕೂಸಿಗೆ ಈ ಶಿಕ್ಷೆ, ಮಕ್ಕಳನ್ನು ಕಾಪಾಡುತ್ತೇವೆ ಎಂದು ಹೇಳಿಕೊಳ್ಳುವ ಈ ಕಾಲ ಮಕ್ಕಳನ್ನು ಕಾಯುತ್ತಿದೆಯಷ್ಟೇ, ಕಾಪಾಡುವುದು ಬೇರೆ, ಕಾಯುವುದು ಬೇರೆ, ಪೆಟ್ಟಿಗೆಯನ್ನು ಕಾಯುತ್ತಾರೆ, ಬೆಳೆಯುವುದನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆಯೇ — ಕಟ್ಟಿನಕ್ಕನಿಗೆ ಸಿಟ್ಟು ಬಂದಿತ್ತು, ನ್ಯಾಯವಾದ ಸಿಟ್ಟು ಎಂದೇ ಆಗ ಅನ್ನಿಸಿತ್ತು. ಆಸ್ಪತ್ರೆಯ ಹಿಂದಿನ ಗೇಟು ದಾಟಿದರೆ ಕೆಲಸಗಾರರ ಮನೆಗಳ ಸಾಲು, ಅದರ ಮುಂದೆ ಬಟ್ಟೆ ಒಗೆಯುವ ಹಳೆಯ ಕಲ್ಲು ಚಪ್ಪಡಿಯ ಕಟ್ಟೆ, ಕಟ್ಟೆಗೆ ತಾಗಿದ ಒಂದು ಗೋಡೆ, ಗೋಡೆಯ ಆಚೆ ಬದಿಗೆ ಯಾರದೋ ಮನೆ ಕೆಲಸಕ್ಕೆ ತಂದು ಸುರಿದ ಮರಳು, ಅಲ್ಲಿ ವಾರ್ಡಿನ ಆಯಾಳ ಹೆಣ್ಣುಮಕ್ಕಳು, ಇನ್ನೂ ಯಾರ್ಯಾರೋ ಮಕ್ಕಳು, ದಿನವಿಡೀ ಗದ್ದಲ. ಹೋಗೇ, ಆಡಿಕೊಂಡು ಬಾ ಎಂದಳು. ಅಮ್ಮ ಬೈತಾಳೆ ಎಂದಿತು ಮಗು. ಅಮ್ಮನಿಗೆ ಅಮ್ಮ ನಾನು ಎಂದು ಹೇಳಿ ಗಡಿಯಾರ ಬಿಚ್ಚಿದಳು, ಮಾತಿಗೆ ತಾನೇ ಹಿಗ್ಗಿದಳು, ಮೊಳೆಗೆ ಹಾಕಿದಳು, ಮಧ್ಯಾಹ್ನದ ಫೋನಿಗೆ ಮುಂಚೆ ಓಡಿ ಬಂದುಬಿಡು ಎಂದಳು — ಆ ಕೊನೆಯ ಮಾತನ್ನು ಯಾಕೆ ಹೇಳಿದಳೋ, ಹೇಳುವಾಗ ಅದು ಒಂದು ಮಾತೇ ಎಂದೂ ಅನ್ನಿಸಿರಲಿಲ್ಲ. ಆ ದಿನ ಮಗು ಓಡಿದ ಓಟ! ಹಿಂದಿನ ಗೇಟಿನವರೆಗೆ ನಡೆಯಿತು, ಅಲ್ಲಿಂದ ಆಚೆಗೆ ಬಿಲ್ಲಿನಿಂದ ಬಿಟ್ಟ ಬಾಣ.

ಬಿಸಿ ಆಗ್ತಿದೆ ಅಜ್ಜಿ. ಆಗುತ್ತೆ ಕಣೇ, ಗಟ್ಟಿಯಾಗೋವಾಗ ಬಿಸಿ ಆಗೋದು ಅದರ ಗುಣ, ಹೆದರಬೇಡ. ಇನ್ನೊಂದು ಸುರುಳಿ ನೀರಿಗೆ, ಇನ್ನೊಂದು ಸಲ ಗುಳ್ಳೆಗಳು, ಬಿಳಿ ಪುಡಿ ಮೂಗಿಗೆ ಏರಿದಾಗ ಮರದ ಹೊಟ್ಟಿನ ವಾಸನೆ ಬಂದಂತೆ ಆಗುತ್ತದೆ, ಎರಡಕ್ಕೂ ಏನೂ ಸಂಬಂಧವಿಲ್ಲ, ಆದರೂ ಮೂಗಿಗೆ ಅದೇ ಜ್ಞಾಪಕ — ಅಪ್ಪ ಕಾವಲುಗಾರನಾಗಿದ್ದ ಮರ ಕೊಯ್ಯುವ ಮಿಲ್ಲು, ಅದರ ಹಿಂದೆ ಹಸಿ ಹೊಟ್ಟಿನ ಗುಡ್ಡ, ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನಕ್ಕೆ ಹೊಟ್ಟೆಯೊಳಗೆ ಬೆಚ್ಚಗೆ, ಗೋಡೆಯ ಮೇಲಿಂದ ಹಾರಿದರೆ ಸೊಂಟದವರೆಗೆ ಹೂತುಹೋಗುವಷ್ಟು ಮೆತ್ತಗೆ. ಬೆಳಿಗ್ಗೆ ತಿಂದು ಹೊರಬಿದ್ದರೆ ದೀಪ ಹಚ್ಚುವ ಹೊತ್ತಿಗೆ ಮನೆ. ನಡುವಿನ ದಿನ ಯಾರದು? ಯಾರದೂ ಅಲ್ಲ, ಅವರದೇ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಎಲ್ಲೂ ಇಲ್ಲ, ಏನು ಮಾಡಿದಿರಿ ಎಂದರೆ ಏನೂ ಇಲ್ಲ, ಆ ಎಲ್ಲೂ ಇಲ್ಲದ ಊರಿನಲ್ಲಿ ಏನೂ ಇಲ್ಲದ ರಾಜ್ಯವನ್ನು ಎಷ್ಟು ಜನ ಎಷ್ಟು ವರ್ಷ ಆಳಿದರು, ಹಗ್ಗದ ತುಂಡು, ಮುರಿದ ಗಾಲಿ, ಒಂದು ಕುಂಟು ನಾಯಿ, ಆ ನಾಯಿಗೆ ಮಂತ್ರಿ ಪದವಿ. ಮರದ ಹೊಟ್ಟು ತಲೆಗೂದಲಲ್ಲಿ ತುಂಬಿ ಬಂದರೆ ಅಮ್ಮ ಹೊಸಿಲಿನ ಆಚೆಯೇ ನಿಲ್ಲಿಸಿ ತಲೆ ಕೊಡವಿ, ಮನೆಗೆ ಬಂದಿರೋದು ಮಕ್ಕಳೋ ಮಿಲ್ಲೋ ಎನ್ನುತ್ತಿದ್ದಳು. ಕಾವಲೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬೀದಿಗೆ ಬೀದಿಯೇ ಕಾವಲು, ಯಾರ ಮನೆಯ ಕೂಸಾದರೂ ಕಿವಿ ಹಿಂಡುವ ಹಕ್ಕು ಯಾರಿಗೆ ಬೇಕಾದರೂ ಇತ್ತು, ಹಸಿದರೆ ಯಾರ ಅಡುಗೆಮನೆಗೆ ಬೇಕಾದರೂ ನುಗ್ಗುವ ಹಕ್ಕು ಮಕ್ಕಳಿಗೂ ಇತ್ತು, ಲೆಕ್ಕ ಸರಿಹೋಗುತ್ತಿತ್ತು. ಅಮ್ಮ ಕಾಯುತ್ತಿದ್ದದ್ದು ದಿನಕ್ಕೊಂದೇ ಸಲ, ಎಲ್ಲರೂ ಮಲಗಿದ ಮೇಲೆ, ಹೊದಿಕೆಯ ಕೆಳಗಿನಿಂದ ಹೊರಗೆ ಚಾಚಿದ ಪಾದಗಳನ್ನು ಎಣಿಸುತ್ತಾ — ಒಂದು ರಾತ್ರಿ ಎಣಿಸಿದವಳೇ, ರೀ, ಏಳ್ರಿ, ಇಲ್ಲಿ ಒಂದು ಜೊತೆ ಜಾಸ್ತಿ ಇದೆ ಎಂದು ಅಪ್ಪನನ್ನು ಎಬ್ಬಿಸಿದಳು, ಅಪ್ಪ ನಿದ್ದೆಗಣ್ಣಿನಲ್ಲೇ, ಇರಲಿ ಬಿಡೇ, ಕಡಿಮೆ ಇದ್ರೆ ಎಬ್ಬಿಸು ಅಂದ. ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ದರ್ಜಿಯ ಮಗಳು ಆಡಿ ಸುಸ್ತಾಗಿ ಮನೆ ಯಾವುದೆಂದು ಮರೆತು ಇವರ ನಡುವೆ ಮಲಗಿದ್ದಳು, ದರ್ಜಿಯ ಹೆಂಡತಿ ನಿಧಾನವಾಗಿ ಬಂದು, ನಮ್ಮದು ಒಂದು ನಿಮ್ಮಲ್ಲಿ ಬಂದಿದೆಯಾ ಎಂದು ಪಾತ್ರೆ ಕೇಳುವ ಹಾಗೆ ಕೇಳಿದ್ದಳು. ನಗು ಬರುತ್ತದೆ, ಮಗುವಿನ ಕೈ ಹಿಡಿದುಕೊಂಡೇ ಕಟ್ಟಿನಕ್ಕ ನಗುತ್ತಾಳೆ. ಯಾಕೆ ನಗ್ತೀಯಾ ಅಜ್ಜಿ. ಏನಿಲ್ಲ. ಏನಿಲ್ಲ ಅಂದ್ರೆ ಏನೋ ಇರುತ್ತೆ ಅಂತ ನೀನೇ ಹೇಳಿದ್ದೀಯಾ.

ಆದರೆ ನ್ಯಾಯವಾಗಿ ನೆನೆಯಬೇಕಾದರೆ ಪೂರ್ತಿ ನೆನೆಯಬೇಕು, ಸಿಹಿಯನ್ನು ಮಾತ್ರ ಆರಿಸಿ ತಿನ್ನುವುದು ನೆನಪಲ್ಲ, ಹೊಟ್ಟೆಬಾಕತನ. ಅಣ್ಣನ ಮೊಣಕೈ. ಅದೇ ಗೋಡೆ, ಅದೇ ಹೊಟ್ಟಿನ ಗುಡ್ಡ, ಒಂದು ಗೇಣು ಆಚೆಗೆ ಹಾರಿದ್ದ, ಅಲ್ಲಿ ಹೊಟ್ಟಿನ ಕೆಳಗೆ ದಿಮ್ಮಿಯೊಂದು ಅಡಗಿತ್ತು. ಯಾರೋ ಎಣ್ಣೆ ಹಚ್ಚಿ ಬಿದಿರು ಪಟ್ಟಿ ಕಟ್ಟಿದರು, ಅದು ಹೇಗೆ ಕೂಡಿತೋ ಹಾಗೇ ಕೂಡಿತು, ಅಣ್ಣನ ಬಲಗೈ ಆಮೇಲೆ ಎಂದೂ ನೇರವಾಗಲಿಲ್ಲ, ಮದುವೆಯ ಫೋಟೋದಲ್ಲೂ ಕೊಡೆ ತೂಗುಹಾಕಿಕೊಂಡವನ ಹಾಗೆ ನಿಂತಿದ್ದಾನೆ. ಅವನು ಮಾತ್ರ ಕಡೆಯವರೆಗೂ, ನನ್ನ ಕೈ ಮುಂದಕ್ಕೆ ಚಾಚೋದೇ ಇಲ್ಲ ನೋಡು, ಅದಕ್ಕೇ ಜೀವನದಲ್ಲಿ ಯಾರ ಹತ್ರಾನೂ ಬೇಡಲಿಲ್ಲ ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ನಾವೆಲ್ಲ ಹಾಗೇ ಬೆಳೆದು ಚೆನ್ನಾಗಿಲ್ವಾ ಎನ್ನುವುದು ಚೆನ್ನಾಗಿ ಉಳಿದವರ ಮಾತು, ಆ ಮಾತಿನೊಳಗೆ ಅಣ್ಣನ ಮೊಣಕೈಗೆ ಜಾಗವಿಲ್ಲ, ಅವಳು ಈ ಕೆಲಸಕ್ಕೆ ಬಂದದ್ದೇ ಆ ಮೊಣಕೈಯಿಂದ, ಗೋಡೆ ಇರಲಿ, ಹಾರುವುದಿರಲಿ, ಬಿದ್ದ ಮೇಲೆ ನೆಟ್ಟಗೆ ಕಟ್ಟುವವರು ಒಬ್ಬರಿರಲಿ ಎಂದು. ಒಂದು ಕಾಲಕ್ಕೆ ರಜೆ ಬಂದರೆ ಈ ಕೋಣೆಯ ಮುಂದೆ ಮಕ್ಕಳ ಸಾಲು, ಮರದಿಂದ ಬಿದ್ದದ್ದು, ಸೈಕಲ್ಲಿನಿಂದ ಬಿದ್ದದ್ದು, ಬೀಳುವುದಿಲ್ಲವೆಂದು ಪಂಥ ಕಟ್ಟಿ ಬಿದ್ದದ್ದು; ಈಗ ಬರುವವರೆಲ್ಲ ಬಚ್ಚಲಿನಲ್ಲಿ ಜಾರಿದ ಮುದುಕರು, ಮಕ್ಕಳ ಅಳತೆಯ ಸುರುಳಿಗಳು ಕಪಾಟಿನಲ್ಲೇ ಉಳಿದು ಗಟ್ಟಿಯಾಗುತ್ತವೆ, ಇದು ಸಂತೋಷವೋ ದುಃಖವೋ ಎಂದು ತೀರ್ಮಾನಿಸಲು ಅವಳಿಗೆ ಇನ್ನೂ ಆಗಿಲ್ಲ. ಕೊನೆಯ ಸುತ್ತು ಮುಗಿಯಿತು, ಈಗ ಸವರಬೇಕು, ಅಂಗೈಯಿಂದ, ಬೆರಳು ಊರಬಾರದು, ಹಸಿ ಕಟ್ಟಿನ ಮೇಲೆ ಬೆರಳು ಊರಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಗುಳಿ ಬಿದ್ದು ವಾರದೊಳಗೆ ಹುಣ್ಣಾಗುತ್ತದೆ, ಹಿಡಿಯಬೇಕು ಆದರೆ ಒತ್ತಬಾರದು, ಎಷ್ಟು ಸಲ ಹೇಳಿದರೂ ಹೊಸ ಹುಡುಗಿಯರು ಭಯಕ್ಕೆ ಬೆರಳೂರಿಯೇ ಹಿಡಿಯುತ್ತಾರೆ, ಬಿಟ್ಟುಹೋದೀತು ಎಂಬ ಭಯ, ಮಗಳ ಭಯವೂ ಅದೇ ತಾನೆ.

ಬಾಗಿಲಲ್ಲಿ ಆಯಾ ತಲೆ ಹಾಕುತ್ತಾಳೆ, ಬಿದ್ದ ಮಗುವನ್ನು ಸೊಂಟದ ಮೇಲೆ ಹೊತ್ತು ತಂದವಳು ಅವಳೇ, ಇನ್ನೂ ಏದುಸಿರು ಇಳಿದಿಲ್ಲ. ಅಕ್ಕಾ, ಮಗಳು ಬರ್ತಿದ್ದಾಳಂತೆ, ಏನು ಹೇಳ್ತೀರಿ? ಕಟ್ಟಿನಕ್ಕ ಕಟ್ಟನ್ನು ಸವರುತ್ತಲೇ ಇರುತ್ತಾಳೆ. ಈ ಸ್ಟೂಲಿನಿಂದ ಬಿದ್ಳು ಅನ್ನಿ, ಯಾರಪ್ಪನ ಗಂಟು ಹೋಗುತ್ತೆ, ಗಡಿಯಾರಾನೂ ಅದನ್ನೇ ಹೇಳುತ್ತೆ, ನೀವು ಒಬ್ಬರು ಹೇಳಿದ್ರೆ ಸುಳ್ಳು ಅಂದಾಳು, ಆ ಮಿಷಿನ್ನೇ ಸಾಕ್ಷಿ ಇದೆಯಲ್ಲ. ನಡೀ ನಿನ್ನ ಕೆಲಸ ನೋಡ್ಕೋ ಎಂದು ಗದರಿದ ಮೇಲೆ ಅವಳು ಹೋದಳು, ಹೋಗುವಾಗ, ಒಳ್ಳೇದು ಹೇಳಿದ್ರೆ ಯಾರಿಗೆ ಬೇಕು ಎಂದು ಕಾರಿಡಾರಿಗೆಲ್ಲ ಹೇಳುತ್ತಾ ಹೋದಳು. ಮಗು ಅಜ್ಜಿಯ ಮುಖ ನೋಡಿತು. ಅಜ್ಜಿ, ನಾನೂ ಹಾಗೇ ಹೇಳ್ತೀನಿ, ಸ್ಟೂಲಿನ ಮೇಲೆ ನಿಂತು ಹತ್ತಿ ಡಬ್ಬ ತೆಗೆಯೋಕೆ ಹೋದೆ, ಜಾರಿದೆ, ಸರಿನಾ? ಎಷ್ಟು ಸಲೀಸಾಗಿ ಬಂತು ಆ ಮಾತು, ಡಬ್ಬದ ಸಮೇತ, ತೊದಲಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಈ ವಿದ್ಯೆಯನ್ನು ಮಗು ಎಲ್ಲಿ ಕಲಿಯಿತು ಎಂದು ಕೇಳಿಕೊಳ್ಳುವ ಮೊದಲೇ ಉತ್ತರ ಮೊಳೆಗೆ ತೂಗುತ್ತಿದೆ. ಮತ್ತು, ಅಯ್ಯೋ, ಒಪ್ಪಿಕೊಳ್ಳಬೇಕು, ಒಂದು ಕ್ಷಣ ಮನಸ್ಸು ಆ ಕಡೆಗೆ ವಾಲಿತು, ವಾಲಿದ್ದಲ್ಲ, ಜಾರಿತು — ಸ್ಟೂಲಿನಿಂದ ಬಿದ್ದಳು ಎಂದರೆ ಮಗಳು ಎರಡು ಮಾತು ಬೈದು ಸುಮ್ಮನಾಗುತ್ತಾಳೆ, ನಿಜ ಹೇಳಿದರೆ ನಾಳೆಯಿಂದ ಮಗು ಇಲ್ಲ, ಬೆಳಿಗ್ಗೆ ಚಪ್ಪಲಿಯ ಪಟಪಟ ಇಲ್ಲ, ಮಣ್ಣು ಮೆತ್ತಿದ ಕೈಯಲ್ಲಿ ಮುಚ್ಚಿಕೊಂಡು ತರುವ ಹುಳವಿಲ್ಲ, ಅಜ್ಜಿ ಕಣ್ಮುಚ್ಚು ಎನ್ನುವವರಿಲ್ಲ, ಮಗುವಿಗೂ ಗೋಡೆಯಿಲ್ಲ, ಮರಳಿಲ್ಲ, ಯಾವುದೋ ಬಾಗಿಲು ಹಾಕಿದ ಕೋಣೆಯಲ್ಲಿ ಗಂಟೆಗಿಷ್ಟು ಎಂದು ಮಕ್ಕಳನ್ನು ಕೂಡಿಸಿಕೊಳ್ಳುವವರ ಬಳಿ ಉಳಿದ ರಜೆ. ಗಡಿಯಾರದ ಪಟ್ಟಿ ಕುಳಿತು ಕುಳಿತು ಬಿದ್ದಿದ್ದ ಬಿಳಿ ಗೆರೆ ಈ ಮಣಿಕಟ್ಟಿನ ಮೇಲೆ ಬಿಸಿಲಿಗೆ ಮಾಸಿಹೋಗಿತ್ತು, ನೋಡುವ ಕಣ್ಣಿದ್ದರೆ ಮಗಳು ಅದರಲ್ಲೇ ಎಲ್ಲವನ್ನೂ ಓದಬಹುದಿತ್ತು, ಈಗ ಅದನ್ನೂ ಕಟ್ಟು ಮುಚ್ಚಿದೆ, ತನ್ನ ಕೈಯಾರೆ ಮುಚ್ಚಿದ್ದಾಳೆ. ಮಿಲ್ಲಿನ ಕಾಲದಲ್ಲಿ ಅಮ್ಮ ಕೇಳಿದಾಗ ನಾವು ಎಲ್ಲೂ ಇಲ್ಲ ಎಂದದ್ದೂ ಸುಳ್ಳೇ ಅಲ್ಲವೇ? ಅಲ್ಲ. ಅಲ್ಲವೇ ಅಲ್ಲ. ಅಮ್ಮನಿಗೆ ಗೊತ್ತಿತ್ತು. ಬೀಳುತ್ತಾರೆ, ಮೈಯೆಲ್ಲ ತರಚಿಕೊಳ್ಳುತ್ತಾರೆ, ಒಬ್ಬನ ಕೈ ಸೊಟ್ಟಗಾಯಿತು ಎಂದೂ ಗೊತ್ತಿದ್ದೇ ಮರುದಿನ ಮತ್ತೆ ಬಾಗಿಲು ತೆರೆದಳು, ಆ ಬಾಗಿಲು ತೆರೆಯುವಾಗ ಅವಳ ಎದೆ ಹೇಗಿತ್ತೋ, ಅದನ್ನು ಮಕ್ಕಳು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಟ್ಟು ತಣ್ಣಗಾಗುತ್ತಿದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ಇನ್ನೂ ಮಂದ, ಒಣಗಿದರೆ ಮಡಕೆಯ ಸದ್ದು ಬರಬೇಕು. ಬೆರಳು ಆಡಿಸು ಮಿಡತೆ, ಹಾಂ, ಹಾಗೆ, ಜುಮ್ಮೆನ್ನುತ್ತಾ? ಇಲ್ಲ. ಅದು ಸರಿ, ಮರಳಿನ ಮೇಲೆ ಹಾರಿದ್ರೆ ಕೈ ಹೇಗೆ ಮುರಿಯಿತೇ, ಅಷ್ಟು ಮೆತ್ತಗಿದೆಯಲ್ಲ ಅದು? ಸುಮ್ಮನೆ ಕೇಳಿದ್ದಳು, ಅಣ್ಣನ ದಿಮ್ಮಿ ನೆನಪಿಗೆ ಬಂದು, ಮರಳಿನ ಕೆಳಗೆ ಕಲ್ಲೇನಾದರೂ ಇದ್ದರೆ ತೆಗೆಸಬೇಕೆಂದು. ಮರಳಿಗೆ ಹಾರಲಿಲ್ಲ ಅಜ್ಜಿ. ಮತ್ತೆ? ಮರಳಿಗೆ ಎಷ್ಟೋ ಸಲ ಹಾರಿದ್ದೀನಿ, ನಾನೇ ಎಲ್ಲರಿಗಿಂತ ದೂರ, ಆಯಾನ ದೊಡ್ಡ ಮಗಳಿಗಿಂತಾನೂ. ಇವತ್ತು ನನ್ನ ಸರದಿ ಬಂದು ಮೇಲೆ ನಿಂತಿದ್ದೆ, ಆಗ ಊಟದ ಗಂಟೆ ಆಯ್ತು, ಅಮ್ಮ ಫೋನ್ ಮಾಡ್ತಾಳೆ ಅಂತ ನೆನಪಾಯ್ತು, ಮರಳಿನ ಕಡೆ ಹಾರಿದ್ರೆ ಸುತ್ತಿ ಬರಬೇಕಲ್ಲ, ಅದಕ್ಕೇ ಈ ಕಡೆ ಹಾರಿದೆ, ಕಲ್ಲು ಚಪ್ಪಡಿ ಕಡೆ. ಅಷ್ಟೇ ಹೇಳಿ ಮಗು ಕಟ್ಟಿನ ಮೇಲೆ ಏನು ಬರೆಯಲಿ ಎಂಬ ಯೋಚನೆಗೆ ಹೋಯಿತು, ಮಿಡತೆಯನ್ನೇ ಬರೆಯೋದಾ ಅಜ್ಜಿ ಎಂದು ಕೇಳಿತು, ಕಟ್ಟಿನಕ್ಕನಿಗೆ ಕೇಳಿಸಲಿಲ್ಲ. ಈ ಕಡೆ. ಗೋಡೆಯ ಮೇಲೆ ಮಗು ಅಂಗೈ ಅಗಲಿಸಿ ತೋಳು ಚಾಚಿಕೊಂಡಿದೆ, ಎದುರಿಗೆ ಮರಳು, ಮುಖ ಮಾತ್ರ ಇತ್ತ, ಆಸ್ಪತ್ರೆಯ ಕಡೆ, ಈ ಮೊಳೆಯ ಕಡೆ. ಅವಳು ನೋಡಿದ್ದಲ್ಲ, ಆಗ ಅವಳು ಇಲ್ಲಿ ಯಾವುದೋ ಮುದುಕನ ಮಣಿಕಟ್ಟಿಗೆ ಹತ್ತಿ ಸುತ್ತುತ್ತಿದ್ದಳು, ಆದರೂ ಕಣ್ಣ ಮುಂದೆ ಬಂದು ನಿಂತುಬಿಟ್ಟಿತು. ಮರದ ಹೊಟ್ಟಿನ ಮೇಲೆ ಹಾರುವಾಗ ಅವಳು ಯಾವ ಕಡೆ ನೋಡುತ್ತಿದ್ದಳು? ಹೊಟ್ಟಿನ ಕಡೆ, ಕೆಳಗೆ, ತಾನು ಬೀಳುವ ಜಾಗದ ಕಡೆ, ಬೇರೆಲ್ಲಿ ನೋಡುತ್ತಾರೆ, ಹಾರುವ ಮಗುವಿಗೆ ಜಗತ್ತಿನಲ್ಲಿ ಆ ಒಂದು ಜಾಗ ಬಿಟ್ಟು ಬೇರೇನಿರುತ್ತದೆ. ಹಿಂದಿನಿಂದ ಯಾರೂ ಕರೆಯಲಿಲ್ಲ, ಯಾರನ್ನೂ ವಂಚಿಸಿ ಬಂದಿರಲಿಲ್ಲ. ಅಮ್ಮ ಕೊಟ್ಟದ್ದನ್ನೇ ಮೊಮ್ಮಗಳಿಗೆ ಕೊಡುತ್ತಿದ್ದೇನೆ ಎಂದು ಹೆಮ್ಮೆಪಟ್ಟಳಲ್ಲ, ಕೊಟ್ಟದ್ದು ಕದ್ದ ಮಾಲು. ಸ್ವಾತಂತ್ರ್ಯ ಎಂದುಕೊಂಡು ಕಳ್ಳತನ ಕಲಿಸಿದಳು, ಕದ್ದವರಿಗೆ ಹಿಂತಿರುಗಿ ನೋಡುವುದೊಂದು ತಪ್ಪುವುದಿಲ್ಲ. ಗೋಡೆ ಕೈ ಮುರಿಯಲಿಲ್ಲ, ಎತ್ತರ ಮುರಿಯಲಿಲ್ಲ, ಮಗಳ ಗಡಿಯಾರವೂ ಮುರಿಯಲಿಲ್ಲ — ಗಡಿಯಾರದ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಎಷ್ಟು ಹಗುರವಾಗಿತ್ತು — ಫೋನಿಗೆ ಮುಂಚೆ ಓಡಿ ಬಂದುಬಿಡು ಎಂಬ ತನ್ನ ಮಾತು ಆ ಕೈ ಮುರಿಯಿತು. ಮಗಳ ಎದುರು ಕೂತು, ನಿನ್ನ ಮಗಳನ್ನು ಹೊರಗೆ ಬಿಡುತ್ತೇನೆ, ಬೇಕಾದರೆ ಕಳಿಸು ಬೇಡವಾದರೆ ಬಿಡು ಎಂದು ಒಂದು ಸಲ ಜಗಳವಾಡಿದ್ದರೆ ಸಾಕಿತ್ತು, ಆ ಜಗಳಕ್ಕೆ ಅಂಜಿ ಮೊಳೆ ಹುಡುಕಿದಳು, ಊರಿಗೆಲ್ಲ ನೀತಿ ಹೇಳುವ ಬಾಯಿ.

ಕಾರಿಡಾರಿನಲ್ಲಿ ಓಡುವ ಹೆಜ್ಜೆ, ಓಡಬೇಡಿ ಎಂದು ಯಾರೋ ನರ್ಸು ಹೇಳುತ್ತಿರುವುದು, ಬಾಗಿಲು. ಮಗಳು. ಬಟ್ಟೆ ಅಂಗಡಿಯ ಬಿಲ್ಲಿನ ಕೌಂಟರಿನಿಂದ ಹಾಗೇ ಎದ್ದು ಬಂದಿದ್ದಾಳೆ, ಕೊರಳಲ್ಲಿ ಅಂಗಡಿಯ ಗುರುತಿನ ಪಟ್ಟಿ, ಬೆರಳಿನಲ್ಲಿ ನೋಟು ಎಣಿಸುವ ರಬ್ಬರಿನ ಟೊಪ್ಪಿ ಹಾಗೇ ಇದೆ, ಆ ಕೌಂಟರಿನ ಮೇಲೆ ಅವಳ ನೆತ್ತಿಗೆ ನೇರವಾಗಿ ಒಂದು ಕ್ಯಾಮೆರಾ ಇದೆಯೆಂದು, ಬೆವರು ಒರೆಸಿಕೊಂಡರೂ ಒಳಗಿನವರು ಕೇಳುತ್ತಾರೆಂದು ಒಮ್ಮೆ ಹೇಳಿದ್ದಳು. ಮಗುವಿನ ತಲೆ ಮುಟ್ಟಿದಳು, ಕೆನ್ನೆ, ಭುಜ, ಕಾಲು, ಮುರಿಯದ್ದನ್ನೆಲ್ಲ ಮೊದಲು ಮುಟ್ಟಿ ಕಡೆಗೆ ಕಟ್ಟಿನ ಹತ್ತಿರ ಕೈ ತಂದು ನಿಲ್ಲಿಸಿದಳು. ಮುಟ್ಟಬೇಡ, ಹಸಿ ಇದೆ ಎಂದಳು ಕಟ್ಟಿನಕ್ಕ. ನೋವಾ ಕಂದಾ? ಇಲ್ಲಮ್ಮ. ಎಲ್ಲಿಂದ ಬಿದ್ದೆ? ಮಗು ಅಜ್ಜಿಯನ್ನು ನೋಡಿತು, ಬಾಯಿ ತೆರೆಯಿತು, ಸ್ಟೂಲು ಆ ಬಾಯಲ್ಲಿ ಸಿದ್ಧವಾಗಿತ್ತು, ಕಟ್ಟಿನಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ — ಅವಳನ್ನ ಕೇಳಬೇಡ, ನನ್ನನ್ನ ಕೇಳು, ಹಿಂದಿನ ಗೋಡೆಯಿಂದ ಬಿದ್ದಿದ್ದಾಳೆ, ಗೇಟಿನ ಆಚೆ, ಈ ಗಡಿಯಾರ ರಜೆ ಶುರುವಾದಾಗಿನಿಂದ ದಿನಾ ಈ ಮೊಳೆ ಮೇಲೇ ಇದೆ, ನಾನೇ ಬಿಚ್ಚಿ ಹಾಕ್ತಿದ್ದೆ, ಅವಳು ಆಡೋಕೆ ಹೋಗ್ತಿದ್ದಳು, ಇವತ್ತು ನಿನ್ನ ಫೋನಿಗೆ ಸಿಗಬೇಕು ಅಂತ ಅವಸರದಲ್ಲಿ ಕಲ್ಲಿನ ಕಡೆ ಹಾರಿದ್ದಾಳೆ, ಆ ಅವಸರ ನಾನು ಕಲಿಸಿದ್ದು. ಬೈಗುಳಕ್ಕೆ ತಲೆ ಕೊಟ್ಟು ನಿಂತಳು. ಮಗಳು ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ ಗಡಿಯಾರವನ್ನು ಒಂದು ಬೆರಳಿನಿಂದ ಮುಟ್ಟಿದಳು, ಅದು ತೂಗಿತು. ಇಷ್ಟು ದಿನ ನಾನು ನೋಡ್ತಿದ್ದದ್ದು ಮೊಳೇನಾ ಅಮ್ಮಾ? ಅಂಗಡೀಲಿ ತಲೆ ಕೆಟ್ಟಾಗೆಲ್ಲ ತೆಗೆದು ನೋಡ್ತಿದ್ದೆ, ಹಸಿರು ಚುಕ್ಕಿ, ಇದ್ದಲ್ಲೇ ಇರೋದು, ನೋಡಿದ್ರೆ ಸಮಾಧಾನ ಆಗೋದು, ಎಷ್ಟು ಜಾಣೆ ನನ್ನ ಮಗಳು ಅಂತ ಪಕ್ಕದವಳಿಗೂ ತೋರಿಸಿದ್ದೀನಿ. ಮೊಳೆ ತೋರಿಸಿದ್ದೀನಿ. ಅಳುತ್ತಿರಲಿಲ್ಲ, ಅತ್ತಿದ್ದರೆ ಹಗುರವಾಗುತ್ತಿತ್ತು, ಇಬ್ಬರಿಗೂ. ತಪ್ಪು ನಂದು, ಎಂದಳು ಕಟ್ಟಿನಕ್ಕ, ನಿನ್ನನ್ನ ಏಮಾರಿಸಿದೆ, ಅದಕ್ಕೆ ಏನು ಬೇಕಾದ್ರೂ ಅನ್ನು; ಆದ್ರೆ ಅವಳು ಹೊರಗೆ ಹೋದದ್ದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ, ನಾಳೆಯಿಂದ ಕಳಿಸದಿದ್ರೆ ಕಳಿಸಬೇಡ, ಕಳಿಸೋದಾದ್ರೆ ಗೊತ್ತಿದ್ದೇ ಕಳಿಸು, ಮಣ್ಣಾಗ್ತಾಳೆ, ಕೂಗಿದ್ರೆ ಕೇಳಿಸಲ್ಲ, ಒಂದೊಂದು ಸಲ ಬೀಳ್ತಾಳೆ. ಮಗಳು ಬಹಳ ಹೊತ್ತು ಮಗುವಿನ ಬೆರಳುಗಳನ್ನು ನೋಡಿದಳು, ಕಟ್ಟಿನ ತುದಿಯಿಂದ ಇಣುಕುವ ಬೆರಳುಗಳು, ಉಗುರಿನಲ್ಲಿ ಇನ್ನೂ ಮರಳು. ನಾನು ಫೋನ್ ಮಾಡ್ತೀನಿ ಅಂತ ಹಾರಿದ್ಯಾ? ಮಗು ತಲೆಯಾಡಿಸಿತು. ಅದಕ್ಕೆ ಮುಂಚೆ ಹಾರುವಾಗ ಬಿದ್ದಿದ್ಯಾ? ಒಂದು ಸಲಾನೂ ಇಲ್ಲಮ್ಮ, ನಾನೇ ಎಲ್ಲರಿಗಿಂತ ದೂರ, ಬೇಕಿದ್ರೆ ಆಯಾನ ಮಗಳನ್ನ ಕೇಳು. ಹೇಳುವಾಗ ಮುಖದಲ್ಲಿ ಒಂದು ಬೆಳಕು ಬಂತು, ಬೈಸಿಕೊಳ್ಳುವವರ ಮುಖದಲ್ಲಿ ಬರಬಾರದ ಬೆಳಕು, ಮಗಳು ಅದನ್ನು ನೋಡಿದಳು, ನೋಡಿ ಮುಖ ತಿರುಗಿಸಲು ಹೋಗಿ ತಿರುಗಿಸಲಾರದೆ ಹೋದಳು. ಎಲ್ಲಿದೆ ಆ ಗೋಡೆ, ಎಂದಳು. ಮಗು ಮೇಜಿನಿಂದ ಜಾರಿ ಇಳಿಯಿತು. ಗಡಿಯಾರ, ಎಂದು ಕೇಳಿತು. ಮಗಳು, ಇರಲಿ ಬಾ ಎಂದಳು, ನಾಳೆಯ ಮಾತು ಆಡಲಿಲ್ಲ, ಕಳಿಸುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ, ಮಗುವಿನ ಮುರಿಯದ ಕೈಯನ್ನು ಹಿಡಿದುಕೊಂಡು, ಹಿಡಿದದ್ದನ್ನು ಸ್ವಲ್ಪ ಸಡಿಲಿಸಿ, ಕಾರಿಡಾರಿಗೆ ನಡೆದಳು, ಹಿಂದಿನ ಗೇಟಿನ ಕಡೆ ಮಗುವಿನ ದನಿ ದೂರವಾಗುತ್ತಾ ಹೋಯಿತು — ಅಲ್ಲಿ ನಿಂತ್ಕೋಬೇಕಮ್ಮ, ತುದೀಲಿ, ಆಮೇಲೆ ಉಸಿರು ಹಿಡೀಬೇಕು, ಆಮೇಲೆ.

ಕಟ್ಟಿನಕ್ಕ ಜೊತೆಗೆ ಹೋಗಲಿಲ್ಲ, ಬಕೆಟ್ಟು ತೊಳೆಯಬೇಕು, ತಳದಲ್ಲಿ ಪ್ಲಾಸ್ಟರ್ ಕೂತರೆ ಕಲ್ಲಾಗುತ್ತದೆ, ಮೊಣಕೈವರೆಗಿನ ಬಿಳಿ ಬಿರುಕು ಬಿಡುತ್ತಿದೆ, ಚರ್ಮ ಎಳೆಯುತ್ತಿದೆ, ಈ ಹೊತ್ತಿಗೆ ಅವರು ಗೇಟು ದಾಟಿರಬೇಕು, ಕಟ್ಟೆಯ ಹತ್ತಿರ ಹೋಗಿರಬೇಕು, ಮಗಳು ಎತ್ತರ ನೋಡುತ್ತಿರಬೇಕು, ಕಲ್ಲು ನೋಡುತ್ತಿರಬೇಕು, ಮರಳು ನೋಡುತ್ತಿರಬೇಕು, ಏನು ಹೇಳುತ್ತಾಳೋ, ಮಗು ಏನು ಕೇಳುತ್ತದೋ, ನೀರು ಚೆಲ್ಲಬೇಕು, ಕತ್ತರಿ ಒರೆಸಬೇಕು, ಒರೆಸುವ ಬಟ್ಟೆ ಎಲ್ಲಿಟ್ಟಳೋ, ನಾಳೆ ಬೆಳಿಗ್ಗೆ ಚಪ್ಪಲಿಯ ಸದ್ದು — ಇಲ್ಲ, ನಾಳೆ ಬೇಡ, ಈಗಲೇ, ಈಗ, ಕಣ್ಣ ಮುಂದೆ ಮತ್ತೆ ಅದೇ, ಗೋಡೆಯ ಮೇಲೆ ಮಗು, ತೋಳು ಚಾಚಿದೆ, ಎದುರಿಗೆ ಅಷ್ಟೂ ಮರಳು, ಮುಖ ಮಾತ್ರ ಇತ್ತ, ತಿರುಗೇ ಮಿಡತೆ, ಆ ಕಡೆ ನೋಡೇ, ಮುಖ ಇತ್ತ, ಇತ್ತಲೇ —